ಕಾಡಿನಲ್ಲಿ ಹುಲಿಗಳೆಷ್ಟು? ಸಂಶೋಧನೆಯ ಹಾದಿ ಮತ್ತು ಧರ್ಮ

2023ನೆಯ ಇಸವಿ ಏಪ್ರಿಲ್ 9ರಂದು ಮೈಸೂರಿನಲ್ಲಿ ಒಂದು ಸಮಾರಂಭ ನಡೆಯಿತು. ದೇಶದ ಹುಲಿ ಯೋಜನೆಗೆ 50 ವರ್ಷ ತುಂಬಿದ ಸಂದರ್ಭ ಅದು. ಭಾರತದಲ್ಲಿರುವ ಹುಲಿಗಳ ಸಂಖ್ಯೆ 3,167 ಎಂದು ಅಂದು ಪ್ರಕಟವಾಯಿತು. ರೇಡಿಯೋ ವಾರ್ತೆಯಲ್ಲಿ ನೀವೂ ಅದನ್ನು ಕೇಳಿರಬಹುದು. ಅದೇ ವರ್ಷ ಜುಲೈ ತಿಂಗಳ ಕೊನೆಯಲ್ಲಿ, ಅದೇ ಗಣತಿಯ ವಿಚಾರವಾಗಿ, ಸಂಖ್ಯೆ 3,682 ಎಂದು ಮತ್ತೆ ವಾರ್ತೆ ಬಂತು. ನಾಲ್ಕು ತಿಂಗಳೊಳಗೆ 515 ಹುಲಿಗಳು ಹೆಚ್ಚಿಬಿಟ್ಟವೆ? ಹುಲಿಮರಿಗಳೇನು ಮಳೆಗಾಲದ ಅಣಬೆಗಳಲ್ಲ. ಹಾಗಾದರೆ ಎರಡರಲ್ಲಿ ಒಂದು ಸುಳ್ಳೆ? ಅದೂ ಅಲ್ಲ. ಮೊದಲನೆಯದು, ಕ್ಯಾಮೆರಾ ಇಟ್ಟಿದ್ದ ಕಾಡುಗಳ ಆಧಾರದ ಮೇಲೆ, ಕನಿಷ್ಠಪಕ್ಷ ಇಷ್ಟಂತೂ ಇವೆ ಎಂದು ಹೇಳಿದ ಸಂಖ್ಯೆ. ಎರಡನೆಯದು, ಕ್ಯಾಮೆರಾ ಇಡದ ಕಾಡುಗಳನ್ನೂ ಲೆಕ್ಕಕ್ಕೆ ಸೇರಿಸಿ ಮಾಡಿದ ಸರಾಸರಿ ಅಂದಾಜು. ಅದರ ಜೊತೆಗೆ ಮೇಲಿನ ಮಿತಿ 3,925 ಎಂಬ ಇನ್ನೊಂದು ಸಂಖ್ಯೆಯೂ ಇತ್ತು. ವಾರ್ತೆಯ ಅವಸರದಲ್ಲಿ ‘ಕನಿಷ್ಠ’, ‘ಸರಾಸರಿ’, ‘ಮಿತಿ’ ಎಂಬ ಈ ಚಿಕ್ಕ ಮಾತುಗಳು ನಮ್ಮ ಕಿವಿಯಿಂದ ಜಾರಿಹೋಗುತ್ತವೆ. ಸಂಶೋಧನೆಯ ಸತ್ವವೆಲ್ಲ ಇರುವುದಾದರೋ ಈ ಚಿಕ್ಕ ಮಾತುಗಳಲ್ಲಿಯೇ.

ಸಂಶೋಧನೆ ಎಂದರೆ ವಿಶ್ವವಿದ್ಯಾನಿಲಯದ ಗೋಡೆಗಳೊಳಗೆ ನಡೆಯುವ, ನಮಗೆ ನಿಮಗೆ ಸಂಬಂಧಪಡದ ಕೆಲಸವೆಂದು ಅನೇಕರು ತಿಳಿದಿದ್ದಾರೆ. ಮನೆಯಲ್ಲಿ ಮಗನೋ ಮಗಳೋ ಎಂ.ಎ. ಮುಗಿಸಿ ‘ಪಿಎಚ್.ಡಿ.ಗೆ ಸೇರುತ್ತೇನೆ’ ಎಂದಾಗ, ‘ಅದರಲ್ಲಿ ಮಾಡುವುದೇನು?’ ಎಂದು ಕೇಳದ ತಂದೆತಾಯಿಗಳು ಕಡಮೆ. ಆ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾದದ್ದಿಲ್ಲ. ಮೈಸೂರಿನಿಂದ ಹುಣಸೂರಿನ ದಾರಿ ಹಿಡಿದು ಪಶ್ಚಿಮಕ್ಕೆ ನಡೆದರೆ, ಹೊಗೆಸೊಪ್ಪಿನ ಹೊಲಗಳೂ ಮುಸುಕಿನ ಜೋಳದ ಹೊಲಗಳೂ ಮುಗಿಯುವಲ್ಲಿ ನಾಗರಹೊಳೆಯ ಕಾಡು ಆರಂಭವಾಗುತ್ತದೆ. ಒಂದು ಮಗ್ಗುಲಲ್ಲಿ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ. ಇನ್ನೊಂದು ಮಗ್ಗುಲಲ್ಲಿ ಕೊಡಗು. ಒಂದು ಪ್ರಶ್ನೆಯನ್ನು ಹೇಗೆ ಕೇಳಬೇಕು, ಉತ್ತರವನ್ನು ಹೇಗೆ ಪರೀಕ್ಷಿಸಬೇಕು, ಹಾಗೆ ಮಾಡುವಾಗ ಯಾರ ಯಾರ ಋಣವನ್ನು ನೆನೆಯಬೇಕು ಎಂಬುದಕ್ಕೆ ಈ ಕಾಡು ಒಂದು ಪಾಠಶಾಲೆಯಾಗಿದೆ.

ಹಳೆಯ ಲೆಕ್ಕ

ನಾಗರಹೊಳೆ ವನ್ಯಧಾಮವಾದದ್ದು 1955ರಲ್ಲಿ. ರಾಷ್ಟ್ರೀಯ ಉದ್ಯಾನವಾದದ್ದು 1988ರಲ್ಲಿ. ಅದಕ್ಕೂ ಹಿಂದೆ ಇದು ಬೇಟೆಯ ಕಾಡು, ಮರದ ಕಾಡು, ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದ ಆನೆಯ ಕಾಡು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಾಡನ್ನು ಕಾಯಬೇಕೆಂಬ ಮನಸ್ಸು ಬಂದಮೇಲೆ, ಕಾಯುವುದು ಫಲಿಸುತ್ತಿದೆಯೇ ಎಂದು ತಿಳಿಯುವ ಅಗತ್ಯವೂ ಬಂತು. ಅದನ್ನು ತಿಳಿಯಲು ಹುಲಿಗಳನ್ನು ಎಣಿಸಬೇಕು. ಆದರೆ ಹುಲಿ ರಾತ್ರಿ ಸಂಚರಿಸುವ, ಒಂಟಿಯಾಗಿರುವ, ಮನುಷ್ಯನ ಕಣ್ಣು ತಪ್ಪಿಸುವ ಪ್ರಾಣಿ. ಕುರಿಮಂದೆಯಂತೆ ಅದನ್ನು ಸಾಲಾಗಿ ನಿಲ್ಲಿಸಿ ಎಣಿಸಲಾಗುವುದಿಲ್ಲ.

ಇದಕ್ಕೆ 1966ರಲ್ಲಿ ಒರಿಸ್ಸಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿಯವರು ಒಂದು ಉಪಾಯ ಸೂಚಿಸಿದರು. ಹುಲಿ ಕಾಣದಿದ್ದರೂ ಅದರ ಹೆಜ್ಜೆ ಕಾಣುತ್ತದೆಯಷ್ಟೆ. ಗೊತ್ತಾದ ದಿನಗಳಲ್ಲಿ ಅರಣ್ಯದ ಗಾರ್ಡುಗಳೂ ವಾಚರುಗಳೂ ಕಾಡುದಾರಿಗಳಲ್ಲಿ ನಡೆದು, ಹುಲಿಯ ಹೆಜ್ಜೆ ಕಂಡಲ್ಲಿ ಅದರ ಮೇಲೆ ಗಾಜಿನ ಹಲಗೆಯಿಟ್ಟು ಗೆರೆ ಎಳೆದು, ಕಾಗದಕ್ಕೆ ಇಳಿಸಿ ತರುತ್ತಿದ್ದರು. ತಂದ ಚಿತ್ರಗಳನ್ನು ಮೇಲಧಿಕಾರಿಗಳು ಹೋಲಿಸಿ ನೋಡಿ, ಇದು ಇಂಥ ಗಂಡು, ಇದು ಇಂಥ ಹೆಣ್ಣು ಎಂದು ಬೇರ್ಪಡಿಸಿ ಒಟ್ಟು ಕೂಡಿಸುತ್ತಿದ್ದರು. ಸುಲಭವಾದ ಉಪಾಯ, ಖರ್ಚು ಕಡಮೆ, ಕಾಡಿನ ಸಿಬ್ಬಂದಿಯನ್ನು ನಡೆಸಿ ಕಾಡು ಸುತ್ತಿಸುವ ಒಳ್ಳೆಯ ಅಭ್ಯಾಸ. 1972ರಲ್ಲಿ ದೇಶದ ಮೊದಲ ಗಣತಿ 1,827 ಎಂದಿತು. ಮುಂದೆ ಸುಮಾರು ಮೂವತ್ತು ವರ್ಷ ದೇಶದ ಹುಲಿಗಳ ಲೆಕ್ಕವೆಲ್ಲ ನಡೆದದ್ದು ಹೆಜ್ಜೆಗುರುತುಗಳ ಮೇಲೆಯೇ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ವಿಧಾನವನ್ನು ಕಂಡುಹಿಡಿದವರೂ ಬಳಸಿದವರೂ ಮೋಸಗಾರರಲ್ಲ; ಬಿಸಿಲಲ್ಲಿ ಮೈಲುಗಟ್ಟಲೆ ನಡೆದ ಪ್ರಾಮಾಣಿಕರು. ಆದರೆ ಪ್ರಾಮಾಣಿಕತೆಯೊಂದೇ ಸಂಶೋಧನೆಗೆ ಸಾಲದು. ‘ನನ್ನ ವಿಧಾನ ತಪ್ಪಾಗಿದ್ದರೆ ಅದು ನನಗೆ ಹೇಗೆ ಗೊತ್ತಾಗುತ್ತದೆ?’ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳದೆ ಬಿಟ್ಟರೆ, ಎಷ್ಟು ಶ್ರಮಪಟ್ಟರೂ ಅದು ಲೆಕ್ಕಪತ್ರವಾಗುತ್ತದೆ, ಸಂಶೋಧನೆಯಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಆ ಪ್ರಶ್ನೆಯನ್ನು ಕೇಳಿದವರಲ್ಲಿ ಮುಖ್ಯರು ಡಾ. ಕೆ. ಉಲ್ಲಾಸ ಕಾರಂತರು. ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿದವರು. ಆಮೇಲೆ ಅಮೆರಿಕದ ಫ್ಲಾರಿಡಾದಲ್ಲಿ ವನ್ಯಜೀವಿ ವಿಜ್ಞಾನವನ್ನೂ ಕಲಿತು, 1986ರಿಂದ ನಾಗರಹೊಳೆಯಲ್ಲಿ ಅಧ್ಯಯನ ನಡೆಸಿದರು. 1987ರಲ್ಲಿಯೇ ಅವರು ಹೆಜ್ಜೆಗುರುತಿನ ಗಣತಿಯನ್ನು ವಿಮರ್ಶಿಸಿ ಬರೆದರು. ವಿಮರ್ಶೆ ಎಂದರೆ ಬರಿಯ ಟೀಕೆಯಲ್ಲ. ಒಂದು ಪರೀಕ್ಷೆಯನ್ನೂ ಏರ್ಪಡಿಸಿದರು. ಪಂಜರದಲ್ಲಿದ್ದ ನಾಲ್ಕೇ ಹುಲಿಗಳಿಂದ ಹಲವು ಹೆಜ್ಜೆಗುರುತುಗಳನ್ನು ತೆಗೆದು, ಎಷ್ಟು ಹುಲಿಗಳೆಂದು ತಿಳಿಸದೆ ಅನುಭವಶಾಲಿಗಳ ಮುಂದಿಟ್ಟರು. ಇವೆಷ್ಟು ಹುಲಿಗಳ ಹೆಜ್ಜೆ ಎಂದು ಕೇಳಿದರೆ, ಸರಿಯಾದ ಉತ್ತರ ಯಾರಿಂದಲೂ ಬರಲಿಲ್ಲ. ಬಂದ ಸಂಖ್ಯೆಗಳೆಲ್ಲ ನಾಲ್ಕಕ್ಕಿಂತ ಹೆಚ್ಚು.

ಏಕೆ ಹೀಗಾಯಿತು? ನಿಮ್ಮ ಮನೆಯ ಅಂಗಳದಲ್ಲಿಯೇ ನೋಡಬಹುದು. ಒಬ್ಬನೇ ಮನುಷ್ಯ ಒಣ ಮಣ್ಣಿನ ಮೇಲೆ ನಡೆದ ಗುರುತು ಒಂದು ಬಗೆ, ಕೆಸರಿನಲ್ಲಿ ನಡೆದದ್ದು ಇನ್ನೊಂದು ಬಗೆ. ಓಡಿದರೆ ಬೇರೆ, ಇಳಿಜಾರಿನಲ್ಲಿ ಇಳಿದರೆ ಬೇರೆ. ಗೆರೆ ಎಳೆಯುವವನ ಕೈಯೂ ದಿನಕ್ಕೊಂದು ರೀತಿ. ಅಲ್ಲದೆ, ಕಲ್ಲುನೆಲದ ಮೇಲೂ ತರಗೆಲೆಯ ಮೇಲೂ ನಡೆದ ಹುಲಿಯ ಹೆಜ್ಜೆ ಬೀಳುವುದೇ ಇಲ್ಲ. ಹೀಗೆ ಒಂದು ಹುಲಿ ಮೂರಾಗಿ ಲೆಕ್ಕಕ್ಕೆ ಸೇರಬಹುದು; ಇನ್ನೊಂದು ಲೆಕ್ಕಕ್ಕೇ ಬಾರದೆ ಹೋಗಬಹುದು. ಎಷ್ಟು ಹೆಚ್ಚು ಎಷ್ಟು ಕಡಮೆ ಎಂದು ಹೇಳುವ ಅಳತೆಗೋಲು ಮಾತ್ರ ಆ ವಿಧಾನದಲ್ಲಿ ಇರಲಿಲ್ಲ.

ಇದರ ಫಲ ಏನಾಯಿತೆಂಬುದನ್ನು ರಾಜಸ್ಥಾನದ ಸರಿಸ್ಕ ತೋರಿಸಿಕೊಟ್ಟಿತು. ಅಲ್ಲಿಯ ಕಾಗದದಲ್ಲಿ ಹುಲಿಗಳು ಇದ್ದುವು. 2005ರ ವೇಳೆಗೆ, ಕಾಡಿನಲ್ಲಿ ಒಂದೂ ಉಳಿದಿಲ್ಲವೆಂಬುದು ಬಯಲಾಯಿತು. ಕಳ್ಳಬೇಟೆಗಾರರು ಮುಗಿಸಿಬಿಟ್ಟಿದ್ದರು. ಲೆಕ್ಕದ ಪುಸ್ತಕ ತುಂಬಿತ್ತು, ಕಣಜ ಬರಿದಾಗಿತ್ತು. ತಪ್ಪು ಸಂಖ್ಯೆಯೊಂದು ಕಾವಲುಗಾರನನ್ನು ನಿದ್ರೆಗೆ ತಳ್ಳಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಕೆರೆಯ ಮೀನಿನ ಲೆಕ್ಕ

ತಪ್ಪು ತೋರಿಸುವುದು ಅರ್ಧ ಕೆಲಸ. ಅದಕ್ಕಿಂತ ಉತ್ತಮವಾದುದನ್ನು ತೋರಿಸುವುದು ಉಳಿದರ್ಧ. ಉತ್ತಮವಾದ ಆ ವಿಧಾನ ಹುಲಿಗೆಂದು ಹುಟ್ಟಿದ್ದಲ್ಲ. ಮೀನಿನ ಲೆಕ್ಕದಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಡೆನ್ಮಾರ್ಕಿನ ಪೀಟರ್ಸನ್ ಎಂಬ ವಿಜ್ಞಾನಿ ಮೀನುಗಳಿಗೆ ಗುರುತು ಹಾಕಿ ಅಧ್ಯಯನ ಮಾಡಿದನು. ಅದರ ತರ್ಕವನ್ನು ನಮ್ಮ ಕಡೆಯ ಕೆರೆಯೊಂದರಿಂದಲೇ ತಿಳಿಯೋಣ.

ಕೆ.ಆರ್. ನಗರದ ಕಡೆಯ ಒಂದು ಕೆರೆಯಲ್ಲಿ ಎಷ್ಟು ಮೀನಿವೆ ಎಂದು ತಿಳಿಯಬೇಕಾಗಿದೆ ಎನ್ನಿ. ನೀರು ಬತ್ತಿಸುವಂತಿಲ್ಲ. ಬಲೆ ಬೀಸಿ 100 ಮೀನು ಹಿಡಿದು, ಪ್ರತಿಯೊಂದರ ರೆಕ್ಕೆಗೂ ಒಂದು ಚಿಕ್ಕ ಗುರುತು ಹಾಕಿ ಮತ್ತೆ ನೀರಿಗೆ ಬಿಡಿ. ಅವು ಉಳಿದ ಮೀನುಗಳೊಡನೆ ಚೆನ್ನಾಗಿ ಬೆರೆಯಲಿ. ಕೆಲವು ದಿನಗಳ ಮೇಲೆ ಮತ್ತೆ ಬಲೆ ಬೀಸಿ. ಈ ಸಲ 80 ಮೀನು ಸಿಕ್ಕಿತು, ಅದರಲ್ಲಿ 20ಕ್ಕೆ ಗುರುತಿದೆ. ಎಂದರೆ, ಸಿಕ್ಕಿದ್ದರಲ್ಲಿ ಕಾಲುಭಾಗ ಗುರುತಿನ ಮೀನು. ಹಾಗಿದ್ದ ಮೇಲೆ ಇಡೀ ಕೆರೆಯಲ್ಲಿಯೂ ಕಾಲುಭಾಗವೇ ಗುರುತಿನದಾಗಿರಬೇಕು. ಗುರುತಿನ ಮೀನು 100 ಆದುದರಿಂದ, ಒಟ್ಟು ಸುಮಾರು 400. ಒಂದು ಮೀನನ್ನೂ ಕೊಲ್ಲದೆ, ಕಾಣದ ಮೀನುಗಳನ್ನೂ ಲೆಕ್ಕಕ್ಕೆ ತಂದ ಹಾಗಾಯಿತು.

ಆದರೆ ಈ ಲೆಕ್ಕ ಕೆಲವು ಷರತ್ತುಗಳ ಮೇಲೆ ನಿಂತಿದೆ. ಎರಡು ಬಲೆಗಳ ನಡುವೆ ಮೀನು ಸಾಯಬಾರದು, ಹೊರಗಿನಿಂದ ಬರಬಾರದು. ಹಾಕಿದ ಗುರುತು ಅಳಿಯಬಾರದು. ಒಮ್ಮೆ ಸಿಕ್ಕಿದ ಮೀನು ಬಲೆಗೆ ಹೆದರಿ ದೂರವಿರಬಾರದು. ಒಳ್ಳೆಯ ಸಂಶೋಧಕ ತನ್ನ ಉತ್ತರದ ಜೊತೆಗೆ ಈ ಷರತ್ತುಗಳನ್ನೂ ಬರೆದಿಡುತ್ತಾನೆ. ‘ಇವು ಸರಿಯಿದ್ದರೆ ನನ್ನ ಉತ್ತರ ಸರಿ, ಇವು ತಪ್ಪಿದ್ದರೆ ಇಂಥ ಕಡೆಗೆ ತಪ್ಪುತ್ತದೆ’ ಎಂದು ಹೇಳುತ್ತಾನೆ. ಹೇಳದೆ ಬಚ್ಚಿಡುವವನ ಉತ್ತರ ಎಷ್ಟು ನಿಖರವಾಗಿ ಕಂಡರೂ ನಂಬಲರ್ಹವಲ್ಲ.

ಹುಲಿಯ ವಿಷಯದಲ್ಲಿ ಗುರುತು ಹಾಕುವ ತೊಂದರೆಯೇ ಇಲ್ಲ. ಪ್ರಕೃತಿಯೇ ಹಾಕಿ ಕಳುಹಿಸಿದೆ. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲ. ಒಂದೇ ಹುಲಿಯ ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೋಲಿಕೆಯಿಲ್ಲ. ಆದುದರಿಂದ ಕಾಡುದಾರಿಯ ಎರಡು ಪಕ್ಕಗಳಲ್ಲಿ ಎದುರುಬದುರಾಗಿ ಎರಡು ಕ್ಯಾಮೆರಾಗಳನ್ನು ಕಟ್ಟುತ್ತಾರೆ. ಹುಲಿ ನಡುವೆ ಹಾದಾಗ ಅವು ತಾವೇ ಚಿತ್ರ ತೆಗೆಯುತ್ತವೆ. ಒಂದು ರಾತ್ರಿಯ ಚಿತ್ರಗಳು ಮೊದಲ ಬಲೆ. ಮರುರಾತ್ರಿಯ ಚಿತ್ರಗಳು ಎರಡನೆಯ ಬಲೆ. ಹುಲಿಗಳ ಹುಟ್ಟುಸಾವು ಲೆಕ್ಕವನ್ನು ಕೆಡಿಸದಂತೆ ಎಲ್ಲವನ್ನೂ ಕೆಲವು ವಾರಗಳೊಳಗೆ ಮುಗಿಸುತ್ತಾರೆ. ನಾಗರಹೊಳೆಯಲ್ಲಿ ಹೀಗೆ ಮಾಡಿದ ಅಂದಾಜನ್ನು ಕಾರಂತರು 1995ರಲ್ಲಿ ಪ್ರಕಟಿಸಿದರು. ಅನಂತರ ಅಮೆರಿಕದ ಜೇಮ್ಸ್ ನಿಕೋಲ್ಸ್ ಎಂಬ ಲೆಕ್ಕತಜ್ಞರೊಡನೆ ಸೇರಿ, ಕಾನ್ಹಾ, ಪೆಂಚ್, ಕಾಜಿರಂಗಗಳಲ್ಲಿಯೂ ಅದೇ ವಿಧಾನವನ್ನು ಪ್ರಯೋಗಿಸಿ 1998ರಲ್ಲಿ ಫಲವನ್ನು ಪ್ರಕಟಿಸಿದರು. 100 ಚದರ ಕಿಲೋಮೀಟರಿಗೆ ಪೆಂಚಿನಲ್ಲಿ ಸುಮಾರು 4 ಹುಲಿ, ಕಾಜಿರಂಗದಲ್ಲಿ ಸುಮಾರು 17. ನಮ್ಮ ನಾಗರಹೊಳೆ ಈ ಎರಡರ ನಡುವೆ. ಒಂದೇ ಕಾಡಿನಲ್ಲಿ ಫಲಿಸಿದ್ದು ಬೇರೆ ಕಾಡುಗಳಲ್ಲಿಯೂ ಫಲಿಸಿದರೆ ವಿಧಾನದ ಮೇಲಿನ ನಂಬಿಕೆ ಹೆಚ್ಚುತ್ತದೆಯಷ್ಟೆ.

ತಾಳ್ಮೆಯ ಫಲ

ಒಂದು ಸಲ ಎಣಿಸಿ ಕೈ ತೊಳೆದುಕೊಂಡರೆ ಸಿಕ್ಕುವುದು ಒಂದು ಸಂಖ್ಯೆ ಮಾತ್ರ. ವರ್ಷ ವರ್ಷ ಎಣಿಸಿದರೆ ಒಂದು ಜೀವನಚರಿತ್ರೆ ಸಿಕ್ಕುತ್ತದೆ. 1991ರಿಂದ 2000ದವರೆಗೆ ನಾಗರಹೊಳೆಯಲ್ಲಿ ನಡೆದ ಕೆಲಸದ ಫಲ 2006ರಲ್ಲಿ ಪ್ರಕಟವಾಯಿತು. ಒಂದು ಕ್ಯಾಮೆರಾ ಸ್ಥಾನ ಒಂದು ರಾತ್ರಿ ಕಾದದ್ದನ್ನು ಒಂದು ಎಂದು ಲೆಕ್ಕ ಹಿಡಿದರೆ, ಅಲ್ಲಿ 5,725 ರಾತ್ರಿಗಳ ಕಾಯುವಿಕೆ ಇತ್ತು. ಅಷ್ಟಕ್ಕೆ ಸಿಕ್ಕಿದ್ದು 74 ಬೇರೆ ಬೇರೆ ಹುಲಿಗಳ ಚಿತ್ರ. 100 ಹುಲಿಗಳಿದ್ದರೆ ಮರುವರ್ಷಕ್ಕೆ ಸುಮಾರು 77 ಮಾತ್ರ ಅಲ್ಲಿಯೇ ಉಳಿದಿರುತ್ತವೆ ಎಂದು ತಿಳಿದುಬಂತು. ಉಳಿದವು ಸತ್ತವೋ ಬೇರೆ ಕಾಡಿಗೆ ಹೋದವೋ ಎಂಬುದನ್ನು ಚಿತ್ರಗಳಿಂದ ಬೇರ್ಪಡಿಸಲಾಗುವುದಿಲ್ಲ. ಸಂಶೋಧಕರು ಅದನ್ನು ಮರೆಮಾಚಲಿಲ್ಲ. ‘ತೋರುವ ಉಳಿಕೆ’ ಎಂಬ ಅರ್ಥದ ಹೆಸರನ್ನೇ ಅದಕ್ಕೆ ಕೊಟ್ಟರು. ಇಷ್ಟು ಹುಲಿಗಳು ಪ್ರತಿವರ್ಷ ಕಾಣೆಯಾದರೂ ಸಂತತಿ ಕುಸಿಯಲಿಲ್ಲ. ಜಿಂಕೆ, ಕಡವೆ, ಕಾಟಿಗಳು ಹೇರಳವಾಗಿದ್ದರೆ ಹುಲಿಯ ಸಂಸಾರ ನಷ್ಟವನ್ನು ತುಂಬಿಕೊಳ್ಳಬಲ್ಲದು. ಆದುದರಿಂದ ಹುಲಿಯನ್ನು ಕಾಯುವುದೆಂದರೆ ಮೊದಲು ಅದರ ಆಹಾರವಾದ ಪ್ರಾಣಿಗಳನ್ನು ಕಾಯುವುದು ಎಂಬ ಪಾಠ ದೊರೆಯಿತು. ‘ಎಷ್ಟು?’ ಎಂಬ ಪ್ರಶ್ನೆಯಿಂದ ಹೊರಟವರು ‘ಏಕೆ?’ ಎಂಬಲ್ಲಿಗೆ ತಲಪಿದರು. ಒಳ್ಳೆಯ ಸಂಶೋಧನೆಯ ಲಕ್ಷಣವೇ ಇದು: ಒಂದು ಬಾಗಿಲು ತೆರೆದರೆ ಒಳಗೆ ಮತ್ತೆರಡು ಬಾಗಿಲು ಕಾಣುತ್ತವೆ.

ಹಾಗೆಂದು ಹೊಸ ವಿಧಾನವೇ ಕೊನೆಯ ಮಾತೆಂದು ತಿಳಿಯಬಾರದು. 2006ರಿಂದ ದೇಶದಾದ್ಯಂತ ಹೊಸ ಬಗೆಯ ಗಣತಿ ಆರಂಭವಾಗಿ, ಮೊದಲ ಅಂದಾಜು 1,411 ಎಂದು ಬಂತು. 2018ರ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟರು. ಆದರೂ ಕ್ಯಾಮೆರಾ ಇಟ್ಟ ಕಾಡಿನ ಫಲದಿಂದ ಇಡದ ಕಾಡಿನ ಸಂಖ್ಯೆಯನ್ನು ಊಹಿಸುವ ಕ್ರಮದಲ್ಲಿ ದೋಷವಿದೆಯೆಂದು 2015ರಲ್ಲಿ ಕಾರಂತರೂ, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಗಣಿತಜ್ಞರೂ ಸೇರಿದ ತಂಡ ಆಕ್ಷೇಪಿಸಿತು. ಗಣತಿಯಲ್ಲಿ ತೊಡಗಿದ್ದ ವಿಜ್ಞಾನಿಗಳು ಅದಕ್ಕೆ ಉತ್ತರ ಬರೆದರು. ಇದನ್ನು ಕಂಡು, ‘ಪಂಡಿತರೇ ಜಗಳವಾಡಿದರೆ ನಾವು ಯಾರನ್ನು ನಂಬುವುದು?’ ಎಂದು ನೀವು ಬೇಸರಪಡಬಹುದು. ಬೇಸರಕ್ಕೆ ಕಾರಣವಿಲ್ಲ. ಬೀದಿಯ ಜಗಳದಲ್ಲಿ ಗಂಟಲು ದೊಡ್ಡದಿದ್ದವನು ಗೆಲ್ಲುತ್ತಾನೆ. ವಿದ್ವತ್ ಪತ್ರಿಕೆಯ ಜಗಳದಲ್ಲಿ ಆಧಾರ ಕೊಡಬೇಕು, ಲೆಕ್ಕ ತೋರಿಸಬೇಕು, ಎದುರಾಳಿ ಅದನ್ನು ತಾನೇ ಮಾಡಿ ನೋಡುವಂತಿರಬೇಕು. ಲೇಖನ ಅಚ್ಚಾಗುವ ಮೊದಲು ಆ ವಿಷಯ ಬಲ್ಲ ಬೇರೆಯವರು ಓದಿ ತಪ್ಪು ಹುಡುಕುತ್ತಾರೆ. ಅಚ್ಚಾದ ಮೇಲೆ ಲೋಕವೆಲ್ಲ ಹುಡುಕಬಹುದು. ಈ ತಿದ್ದುವಿಕೆಯೇ ಜ್ಞಾನದ ಆರೋಗ್ಯ.

ಕಲ್ಲಿನ ಮೇಲಿನ ಹೆಜ್ಜೆ

ಇದೆಲ್ಲ ವಿಜ್ಞಾನಕ್ಕೆ ಮಾತ್ರ ಸಂಬಂಧಪಟ್ಟದ್ದು, ಚರಿತ್ರೆಗೂ ಸಾಹಿತ್ಯಕ್ಕೂ ಅಲ್ಲ ಎಂದುಕೊಳ್ಳಬೇಡಿ. ಇದೇ ಸೀಮೆಯ ಇನ್ನೊಂದು ಬಗೆಯ ಹೆಜ್ಜೆಗುರುತುಗಳನ್ನು ನೋಡಿ. ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು ಸಂಗ್ರಹಿಸಿ 1898ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಅಚ್ಚುಹಾಕಿಸಿದರು. ಆಗಿನ ಎಡತೊರೆ ತಾಲ್ಲೂಕೇ ಇಂದಿನ ಕೆ.ಆರ್. ನಗರ. ಹೊಲದ ಬದುವಿನಲ್ಲಿ, ಗುಡಿಯ ಗೋಡೆಯಲ್ಲಿ, ಕೆರೆಯ ಏರಿಯ ಮೇಲೆ ನಿಂತ ಕಲ್ಲುಗಳ ಅಕ್ಷರಗಳನ್ನು ಕಾಗದಕ್ಕೆ ಇಳಿಸಿದ ಕೆಲಸ ಅದು. ಶಾಸನ ಓದುವವನಿಗೆ ಒಂದು ಕಟ್ಟುನಿಟ್ಟಿನ ನಿಯಮವುಂಟು. ಕಲ್ಲು ಸವೆದು ಅಕ್ಷರ ಹೋಗಿದ್ದರೆ ಅಲ್ಲಿ ಚುಕ್ಕೆ ಹಾಕಬೇಕು. ಸಂದರ್ಭದಿಂದ ಊಹಿಸಿ ತುಂಬಿದರೆ ಅದನ್ನು ಕಂಸದೊಳಗೆ ಇಡಬೇಕು. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಮುಂದೆ ಓದುವವನಿಗೆ ಸ್ಪಷ್ಟವಾಗಿರಬೇಕು. ಹುಲಿಯ ಗಣತಿಯಲ್ಲಿ ‘ಕನಿಷ್ಠ’ ಮತ್ತು ‘ಅಂದಾಜು’ ಎಂಬ ಮಾತುಗಳು ಮಾಡುವ ಕೆಲಸವನ್ನೇ ಇಲ್ಲಿ ಚುಕ್ಕೆಯೂ ಕಂಸವೂ ಮಾಡುತ್ತವೆ.

ರೈಸ್ ಅವರ ಸಂಪುಟಗಳಿದ್ದರೂ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು 1970ರ ದಶಕದಿಂದ ಅವನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಿದರು. ಹೊಸ ಶಾಸನಗಳು ಸಿಕ್ಕಿದ್ದುವು. ಹಳೆಯ ಓದುಗಳನ್ನು ತಿದ್ದಬೇಕಾಗಿತ್ತು. ಇದರಿಂದ ರೈಸ್ ಅವರ ಗೌರವ ಕಡಮೆಯಾಗಲಿಲ್ಲ. ಅವರು ಕಂಡದ್ದನ್ನು ಕಂಡಂತೆ ಬರೆದಿಟ್ಟುದರಿಂದಲೇ ಮುಂದಿನವರು ತಿದ್ದಲು ಸಾಧ್ಯವಾಯಿತು. ಮನೆ ಕಟ್ಟಿದವನು ತಳಪಾಯವನ್ನು ಮರೆಮಾಡದೆ ಬಿಟ್ಟರೆ ಮೇಲೆ ಮಾಳಿಗೆ ಕಟ್ಟುವವನಿಗೆ ಧೈರ್ಯ.

ಋಣ ಮತ್ತು ಧರ್ಮ

ಇನ್ನು ಸಂಶೋಧನೆಯ ಧರ್ಮದ ವಿಚಾರ. ಸಂಶೋಧಕನಿಗೆ ನಾಲ್ಕು ಋಣಗಳುಂಟು ಎನ್ನಬಹುದು.

ಮೊದಲನೆಯದು ಸತ್ಯದ ಋಣ. ಕಾಣದ್ದನ್ನು ಕಂಡೆನೆನ್ನಬಾರದು, ಕಂಡದ್ದನ್ನು, ಅದು ತನ್ನ ವಾದಕ್ಕೆ ವಿರೋಧವಾಗಿದ್ದರೂ, ಬಚ್ಚಿಡಬಾರದು. ಬೇರೆ ಬೇರೆ ದೇಶಗಳ ಪಳೆಯುಳಿಕೆಗಳನ್ನು ಹಿಮಾಲಯದಲ್ಲಿ ಸಿಕ್ಕಿದುವೆಂದು ವರ್ಷಾನುಗಟ್ಟಲೆ ಪ್ರಕಟಿಸಿದ್ದ ಹಗರಣವೊಂದು 1989ರಲ್ಲಿ ಬಯಲಾದಾಗ, ಆ ಬರಹಗಳನ್ನು ನಂಬಿ ಕೆಲಸ ಮಾಡಿದ್ದ ಇತರರ ಶ್ರಮವೂ ಮಣ್ಣುಪಾಲಾಯಿತು. ಒಬ್ಬನು ಕೆರೆಗೆ ವಿಷ ಹಾಕಿದರೆ ಊರೆಲ್ಲ ನೀರು ಕುಡಿಯುವುದನ್ನು ಬಿಡಬೇಕಾಗುತ್ತದೆ.

ಎರಡನೆಯದು ಹಿಂದಿನವರ ಋಣ. ಇನ್ನೊಬ್ಬರ ಮಾತನ್ನು ತನ್ನದೆಂದು ಬರೆಯುವುದು ಕಳವು. ವಿಶ್ವವಿದ್ಯಾನಿಲಯ ಅನುದಾನ ಆಯೋಗ 2018ರಲ್ಲಿ ಇದಕ್ಕೆ ನಿಯಮಗಳನ್ನೇ ಮಾಡಿದೆ; ಬರಹದಲ್ಲಿ ಹತ್ತನೆಯ ಒಂದು ಪಾಲನ್ನು ಮೀರಿ ಇತರರ ಬರಹದೊಡನೆ ಸಾಮ್ಯ ಕಂಡರೆ ಶಿಕ್ಷೆಯ ಮೆಟ್ಟಿಲುಗಳು ಆರಂಭವಾಗುತ್ತವೆ, ಅತಿಯಾದರೆ ಪಿಎಚ್.ಡಿ. ನೋಂದಣಿಯೇ ರದ್ದಾಗುತ್ತದೆ. ಆದರೆ ಯಂತ್ರ ಹಿಡಿಯುವುದು ಮಾತಿನ ಕಳವನ್ನು ಮಾತ್ರ. ಕಾಡಿನಲ್ಲಿ ಹುಲಿ ಯಾವ ದಾರಿಯಲ್ಲಿ ನಡೆಯುತ್ತದೆ, ಕ್ಯಾಮೆರಾವನ್ನು ಎಲ್ಲಿ ಕಟ್ಟಬೇಕು ಎಂದು ತೋರಿಸಬಲ್ಲವರು ಜೇನುಕುರುಬರು, ಬೆಟ್ಟಕುರುಬರು, ಕಾಡಿನ ವಾಚರುಗಳು. ಅವರ ಜ್ಞಾನ ಯಾವ ಗ್ರಂಥಾಲಯದಲ್ಲಿಯೂ ಇಲ್ಲ. ಅದನ್ನು ಪಡೆದವನು ಅವರ ಹೆಸರನ್ನು ಮರೆತರೆ ಯಾವ ಯಂತ್ರವೂ ಹಿಡಿಯದು. ಅವನ ಮನಸ್ಸೇ ಹಿಡಿಯಬೇಕು.

ಮೂರನೆಯದು, ಯಾರನ್ನು ಅಧ್ಯಯನ ಮಾಡುತ್ತೇವೆಯೋ ಅವರ ಋಣ. ಹುಲಿಗೆ ಮತ್ತು ಬರಿಸಿ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿದರೆ ಅದು ಎಲ್ಲೆಲ್ಲಿ ತಿರುಗುತ್ತದೆಂದು ತಿಳಿಯುತ್ತದೆ. ಆದರೆ ಅದರಲ್ಲಿ ಪ್ರಾಣಿಗೆ ಅಪಾಯವೂ ಉಂಟು. ಸಿಕ್ಕುವ ತಿಳಿವು ಆ ಅಪಾಯಕ್ಕೆ ತಕ್ಕದ್ದೇ, ಮುಟ್ಟದೆಯೇ ತಿಳಿಯುವ ದಾರಿಯಿದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಮನುಷ್ಯರ ವಿಷಯದಲ್ಲಂತೂ ಇದು ಇನ್ನೂ ಕಟ್ಟುನಿಟ್ಟು. ವೈದ್ಯಕೀಯ ಸಂಶೋಧನೆಗೆ 1964ರ ಹೆಲ್ಸಿಂಕಿ ಘೋಷಣೆ ಕೊಟ್ಟ ನಿಯಮ ಇಂದು ಎಲ್ಲ ಕಡೆ ಮಾನ್ಯ: ವಿಷಯವನ್ನು ಅರ್ಥವಾಗುವಂತೆ ತಿಳಿಸಿ, ಒಪ್ಪಿಗೆ ಪಡೆದು, ಬೇಡವೆಂದರೆ ಬಿಡಬೇಕು. ಹಾಡಿಯೊಂದಕ್ಕೆ ಹೋಗಿ ರಕ್ತ ತೆಗೆದುಕೊಂಡೋ ಕಥೆ ಬರೆದುಕೊಂಡೋ ಬಂದು, ಮತ್ತೆ ಆ ಕಡೆ ತಿರುಗಿ ನೋಡದಿರುವುದು ಪಾಂಡಿತ್ಯವಲ್ಲ. ಹುಲಿಗೆಂದು ಕಟ್ಟಿದ ಕ್ಯಾಮೆರಾದಲ್ಲಿ ಸೌದೆಗೆ ಹೋದ ಹೆಂಗಸಿನ ಚಿತ್ರವೂ ಬೀಳುತ್ತದೆ. ಆಕೆ ಅದಕ್ಕೆ ಒಪ್ಪಿಗೆ ಕೊಟ್ಟವಳಲ್ಲ. ಆ ಚಿತ್ರವನ್ನು ಯಾರೂ ನೋಡದಂತೆ ಕಾಪಾಡುವುದೂ ಸಂಶೋಧನೆಯ ಭಾಗವೇ.

ನಾಲ್ಕನೆಯದು ಸಮಾಜದ ಋಣ. ಇದೇ ಕಾಡಿನಲ್ಲಿ ಇನ್ನೊಂದು ಎಣಿಕೆಯೂ ನಡೆದಿದೆ ಎಂಬುದನ್ನು ಮರೆಯಬಾರದು. ಕಾಡಿನಿಂದ ಹೊರಬಂದ ಗಿರಿಜನರ ಸ್ಥಿತಿಯನ್ನು ತಿಳಿಯಲು ಉಚ್ಚ ನ್ಯಾಯಾಲಯದ ಆದೇಶದಂತೆ ನೇಮಕವಾದ, ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮುಜಾಫರ್ ಅಸ್ಸಾದಿಯವರ ಸಮಿತಿ, ಹಾಡಿಗಳನ್ನು ಸುತ್ತಿ, ಸ್ಥಳಾಂತರಗೊಂಡ ಕುಟುಂಬಗಳು 3,418 ಎಂದು ವರದಿ ಮಾಡಿತು. ಹುಲಿಗಳ ಸಂಖ್ಯೆ ಮೈಸೂರಿನ ವೇದಿಕೆಯಲ್ಲಿ ಪ್ರಕಟವಾಗುತ್ತದೆ. ಈ ಸಂಖ್ಯೆ ಅಷ್ಟು ಮಂದಿಯ ಕಿವಿಗೆ ಬೀಳಲಿಲ್ಲ. ಆದರೆ ಭೂಮಿ, ಮನೆ, ಕೂಲಿ, ಮಕ್ಕಳ ಶಾಲೆ ಇವೆಲ್ಲ ಅದರ ಮೇಲೆ ನಿಂತಿವೆ. ಯಾವುದನ್ನು ಎಣಿಸುತ್ತೇವೆ, ಯಾವುದನ್ನು ಎಣಿಸದೆ ಬಿಡುತ್ತೇವೆ ಎಂಬುದರಲ್ಲಿಯೂ ನ್ಯಾಯ ಅನ್ಯಾಯಗಳಿವೆ.

ಮನೆ ಬಾಗಿಲಿಗೆ ಬಂದ ಪ್ರಶ್ನೆ

ಇದರಿಂದ ನಮಗೇನು ಎಂದು ಪಟ್ಟಣದಲ್ಲಿರುವ ನೀವು ಕೇಳಬಹುದು. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳು. ನಾಗರಹೊಳೆಯ ಮೀಸಲು ಕಾಡಿನೊಳಗೆ 141. ಸಂಖ್ಯೆ ಹೆಚ್ಚಿದ ಕಾಡಿನಿಂದ ಕೆಲವು ಹುಲಿಗಳು ಅಂಚಿನ ಹೊಲಗಳಿಗೆ ಬರುತ್ತವೆ. ಹುಣಸೂರು, ಹೆಗ್ಗಡದೇವನಕೋಟೆ, ಸರಗೂರಿನ ಹಳ್ಳಿಗಳಲ್ಲಿ ದನಗಳೂ, ಒಮ್ಮೊಮ್ಮೆ ಮನುಷ್ಯರೂ, ಬಲಿಯಾದ ವಾರ್ತೆ ಇತ್ತೀಚಿನ ವರ್ಷಗಳಲ್ಲಿ ಬಂದಿದೆ. ಮನುಷ್ಯನನ್ನು ಕೊಂದ ಹುಲಿಯನ್ನು ಹಿಡಿಯಲೇಬೇಕು. ಆದರೆ ಯಾವ ಹುಲಿಯನ್ನು? ಹೊಲದಲ್ಲಿ ಸಿಕ್ಕಿದ ಚಿತ್ರದ ಪಟ್ಟೆಯನ್ನು ಹಿಂದಿನ ಸಂಗ್ರಹದ ಚಿತ್ರಗಳೊಡನೆ ಹೋಲಿಸಿ ನೋಡಿದರೆ ಗೊತ್ತಾಗುತ್ತದೆ. ಕಳ್ಳಸಾಗಣೆಯಲ್ಲಿ ಸಿಕ್ಕಿದ ಹುಲಿಯ ಚರ್ಮ ಯಾವ ಕಾಡಿನದೆಂದು ಪತ್ತೆಮಾಡುವುದೂ ಈ ಸಂಗ್ರಹದಿಂದಲೇ ಸಾಧ್ಯವಾಗಿದೆ. ವರ್ಷಾನುಗಟ್ಟಲೆ ಯಾರೋ ಬೇಸರಪಡದೆ ಬರೆದಿಟ್ಟ ದಾಖಲೆ ಒಂದು ದಿನ ಒಂದು ಹಳ್ಳಿಯ ಪ್ರಾಣರಕ್ಷಣೆಗೆ ಬರುತ್ತದೆ. ತಪ್ಪು ಮಾಡದ ಹುಲಿ ಪಂಜರ ಸೇರುವುದನ್ನೂ ತಪ್ಪಿಸುತ್ತದೆ. ದಾಖಲೆ ಸುಳ್ಳಾದರೆ ಎರಡೂ ಕೆಡುತ್ತವೆ.

ಆದುದರಿಂದ, ಇನ್ನು ಮುಂದೆ ರೇಡಿಯೋದಲ್ಲಾಗಲಿ ಪತ್ರಿಕೆಯಲ್ಲಾಗಲಿ ‘ಸಂಶೋಧನೆಯಿಂದ ತಿಳಿದುಬಂದಿದೆ’ ಎಂಬ ಮಾತು ಬಂದಾಗ, ಅದು ಹುಲಿಯ ವಿಷಯವಾಗಲಿ, ಕಾಫಿ ಕುಡಿಯುವುದರ ವಿಷಯವಾಗಲಿ, ಮಕ್ಕಳ ಪರೀಕ್ಷೆಯ ವಿಷಯವಾಗಲಿ, ಕೆಲವು ಪ್ರಶ್ನೆಗಳನ್ನು ಕೇಳಿ. ಇದು ಎಣಿಸಿದ್ದೋ, ಅಂದಾಜು ಮಾಡಿದ್ದೋ? ಅಂದಾಜಾದರೆ ಎಷ್ಟು ಹೆಚ್ಚುಕಡಮೆ ಇರಬಹುದು ಎಂದು ಹೇಳಿದ್ದಾರೆಯೆ? ಹೇಗೆ ತಿಳಿದರೆಂಬುದನ್ನು ಬಿಚ್ಚಿ ತೋರಿಸಿದ್ದಾರೆಯೆ? ಸಂಬಂಧವಿಲ್ಲದ ಇನ್ನೊಬ್ಬರು ಪರೀಕ್ಷಿಸಿ ನೋಡಿದ್ದಾರೆಯೆ? ಈ ಫಲದಿಂದ ಲಾಭ ಪಡೆಯುವವರೇ ಇದಕ್ಕೆ ಹಣ ಕೊಟ್ಟವರೆ? ಯಾರನ್ನು ಕುರಿತು ಹೇಳಿದ್ದಾರೆಯೋ ಅವರ ಮಾತನ್ನು ಕೇಳಿದ್ದಾರೆಯೆ? ಈ ಆರು ಪ್ರಶ್ನೆಗಳಿಗೆ ಸಮರ್ಪಕವಾದ ಉತ್ತರವಿದ್ದರೆ ಆ ಮಾತಿಗೆ ಬೆಲೆ ಕೊಡಿ. ಇಲ್ಲದಿದ್ದರೆ ಕಾದು ನೋಡಿ.

ಸಂಶೋಧನೆಗೆ ಹೊರಟ ಮಗನಿಗೋ ಮಗಳಿಗೋ ಬುದ್ಧಿಮಾತು ಹೇಳಬೇಕಾಗಿ ಬಂದರೆ ಇಷ್ಟು ಹೇಳಬಹುದು. ಚಿಕ್ಕ ಪ್ರಶ್ನೆಯನ್ನು ಆರಿಸಿಕೊ, ಆದರೆ ಅದು ನಿಜವಾದ ಪ್ರಶ್ನೆಯಾಗಿರಲಿ. ಉತ್ತರ ಮೊದಲೇ ಗೊತ್ತಿದೆಯೆಂದು ಹೊರಡಬೇಡ. ದಿನದ ಟಿಪ್ಪಣಿಯನ್ನು ಆ ದಿನವೇ ಬರೆ. ಸವೆದ ಅಕ್ಷರದ ಮೇಲೆ ಚುಕ್ಕೆ ಹಾಕಲು ನಾಚಬೇಡ. ನಿನಗಿಂತ ಕಡಮೆ ಓದಿದವನಿಗೆ ನಿನಗಿಂತ ಹೆಚ್ಚು ತಿಳಿದಿರಬಹುದೆಂಬುದನ್ನು ನೆನಪಿಡು. ನಿನ್ನ ತಪ್ಪನ್ನು ತೋರಿಸಿದವನು ನಿನಗೆ ಉಪಕಾರ ಮಾಡಿದವನೆಂದು ತಿಳಿ. ಪದವಿ ಬರಲಿ, ಆದರೆ ಪದವಿ ಬಂದಮೇಲೂ ಆ ಪ್ರಶ್ನೆ ನಿನ್ನ ಮನಸ್ಸಿನಲ್ಲಿ ಉಳಿದಿದ್ದರೆ ಮಾತ್ರ ನಿನ್ನದು ಸಂಶೋಧನೆ.